ಫಲಿತಾಂಶದ ದಿನ ಊರಿಗೆ ಮಾಡುವ ಫೋನು



ನಾನು ನಂಜನಗೂಡು ತಾಲ್ಲೂಕಿನ ಬದನವಾಳು ಕಡೆಯವನು. 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿಯ ಊರು ಎಂದರೆ ಹಿರಿಯರಿಗೆ ಗೊತ್ತಾಗುತ್ತದೆ. 1993ರಲ್ಲಿ ಮೂವರು ದಲಿತರ ಕೊಲೆಯಾದ ಊರೂ ಅದೇ. ಆಮೇಲೆ ವರ್ಷಾನುಗಟ್ಟಲೆ ಎರಡು ಬೀದಿಗಳ ನಡುವೆ ಒಡಕು ಉಳಿದಿತ್ತು. 2022ರ ಗಾಂಧಿ ಜಯಂತಿಯ ದಿನ ಎರಡೂ ಕಡೆಯವರು ಒಟ್ಟಿಗೆ ಕೂತು ಉಂಡರು. ಬೀದಿ ಬೀದಿಗೆ ಮಾತು ನಿಂತರೆ ಎಂಥ ಗಾಯವಾಗುತ್ತದೆಂದು ಬಲ್ಲ ನೆಲದವನಾಗಿ, ಮನೆಯೊಳಗೇ ಮಾತು ನಿಂತಾಗ ನಮ್ಮ ಮಕ್ಕಳಿಗೆ ಏನಾಗುತ್ತದೆಂದು ಇಂದು ಹೇಳಬೇಕಿದೆ.

ಚೆನ್ನೈನ ಕನ್ನಡ ಸಂಘ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುವ ಹಬ್ಬದಂಥ ಈ ದಿನ ಆತ್ಮಹತ್ಯೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಜೊತೆಗೆ ಕೂರುವ ಸಭೆ ಇನ್ನೆಲ್ಲಿದೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಹೀಗೆ ಹೋದರು. ಪೇಪರಿನವರು 'ಫೇಲಾಗಿದ್ದಕ್ಕೆ', 'ಅಪ್ಪ ಬೈದಿದ್ದಕ್ಕೆ' ಎಂದು ಒಂದು ಸಾಲಿನ ಕಾರಣ ಬರೆದು ಮುಗಿಸುತ್ತಾರೆ. ನಾನದನ್ನು ಒಪ್ಪುವುದಿಲ್ಲ. ಅದರ ಹಿಂದೆ ನಿದ್ದೆಯಿಲ್ಲದ ಎಷ್ಟೋ ರಾತ್ರಿಗಳಿರುತ್ತವೆ; ಮನೆಯ ಸಾಲ, ಕುಡಿತ, ಬೇರೆ ಜಾತಿಯವರ ಮೇಲಿನ ಪ್ರೀತಿ, ಕಾಲೇಜಿನಲ್ಲಿ ಉಂಡ ಅವಮಾನ, ಯಾರೂ ಗುರುತಿಸದ ಖಿನ್ನತೆ ಇರುತ್ತವೆ.

ಸಾಯಬೇಕೆನ್ನಿಸುವ ಆ ಗಳಿಗೆ ಬಹುಪಾಲು ಜನರಲ್ಲಿ ದಾಟಿಹೋಗುತ್ತದೆ. ಇದು ನಮ್ಮವರಿಗೆ ಇನ್ನೂ ಮುಟ್ಟಿಲ್ಲ. ದಾಟುವ ತನಕ ಪಕ್ಕದಲ್ಲಿ ಒಬ್ಬರಿರಬೇಕು, ಅಪಾಯದ ವಸ್ತು ಕೈಗೆ ಸಿಗಬಾರದು. ಶ್ರೀಲಂಕಾ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತ ಬಂತು. ಹತ್ತು ವರ್ಷದಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಳಿಯಿತು. ಊರಿಗೆ ಹೋದಾಗ ಹೊಲದ ಔಷಧಿಗೆ ಒಂದು ಬೀಗದ ಪೆಟ್ಟಿಗೆ ಮಾಡಿಸಿಕೊಟ್ಟು ಬನ್ನಿ.

ಇನ್ನು ನಮ್ಮ ಫೋನಿನ ವಿಷಯ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಹೊರಗಿರುವ ನಾವೆಲ್ಲ ಊರಿಗೆ ಫೋನು ಹಚ್ಚುತ್ತೇವೆ. 'ಎಷ್ಟು ಪರ್ಸೆಂಟಂತೆ?' ಎಂದು ದೊಡ್ಡಪ್ಪ, 'ನಮ್ಮ ಹುಡುಗೀದು ತೊಂಬತ್ತಾರು' ಎಂದು ಚಿಕ್ಕಮ್ಮ. ಫೇಲಾದ ಹುಡುಗ ಹಿತ್ತಲಲ್ಲಿ ನಿಂತಿರುತ್ತಾನೆ. ಅವ್ವ 'ಅವ್ನು ಮನೇಲಿಲ್ಲ ಕಣಪ್ಪ, ಎಲ್ಗೋ ಹೋಗವ್ನೆ' ಎನ್ನುತ್ತಾಳೆ. ಅಲ್ಲಿಗೇ ಬಿಡಬೇಡಿ, ಫೋನನ್ನು ಅವನ ಕೈಗೆ ಕೊಡಿಸಿ. 'ಉಂಡ್ಯಾ ಮಗ?' ಎಂದು ಮೊದಲು ಕೇಳಿ. 'ನಾನಿಲ್ದಿದ್ರೇ ನಿಮ್ಗೆಲ್ಲ ನೆಮ್ದಿ' ಎಂಬಂಥ ಮಾತು ಬಂದರೆ, ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳುವವರಿದ್ದರೆ ಎದೆ ಹಗುರಾಗುತ್ತದೆ. ಬುದ್ಧಿವಾದ ಬೇಡ, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಒಬ್ಬನನ್ನೇ ಬಿಡಬೇಡಿ ಎಂದು ಮನೆಯವರಿಗೆ ಹೇಳಿ. 14416ಕ್ಕೆ ಕರೆ ಮಾಡಿಸಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಸಾಯಲು ಹೋಗಿ ಬದುಕುಳಿದವರನ್ನು ಪೊಲೀಸರಿಗೆ ಹೆದರಿ ಬಚ್ಚಿಡಲೂಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಅವರ ಆರೈಕೆ ಸರ್ಕಾರದ ಹೊಣೆ ಎನ್ನುತ್ತದೆ.

ನೀವಿರುವ ಈ ಚೆನ್ನೈಯಲ್ಲೇ 1986ರಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಆತ್ಮಹತ್ಯೆ ತಡೆಯಲು 'ಸ್ನೇಹಾ' ಸಂಸ್ಥೆ ಕಟ್ಟಿದರು. ಫೇಲಾದ ಮಕ್ಕಳು ವರ್ಷ ಕಳೆದುಕೊಳ್ಳದೆ ಬೇಗ ಮತ್ತೆ ಪರೀಕ್ಷೆ ಬರೆಯುವ ಅವಕಾಶವನ್ನು ತಮಿಳುನಾಡು ಕೊಟ್ಟದ್ದು ಜೀವ ಉಳಿಸುವ ಕೆಲಸವೇ. ಕರ್ನಾಟಕದಲ್ಲೂ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಮೂರು ಪರೀಕ್ಷೆ ನಡೆದವು.

ಸಂಘದವರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ವರ್ಷದ ಪ್ರತಿಭಾ ಪುರಸ್ಕಾರಕ್ಕೆ, ಮೊದಲ ಸಲ ಸೋತು ಮತ್ತೆ ಬರೆದು ಪಾಸಾದ ಮಕ್ಕಳನ್ನೂ, ಅವರು ಒಪ್ಪಿದರೆ, ಈ ವೇದಿಕೆಗೆ ಕರೆಯಿರಿ. ಅವರ ಶಾಲು, ಹಾರದ ಖರ್ಚು ನನ್ನದು.