ಫೈಲಿನಾಗಿನ ಊರು: ಗುಲಬರ್ಗಾ, ಕಲಬುರಗಿ, ಕಮಲಾಪುರ

ಇವತ್ತಿನ ವಿಷಯ ಎಲ್‌ಡಿಐಎಫ್ ಫೈಲು. ಹೆಸರು ಕೇಳಿ ಓಡಬ್ಯಾಡ್ರಿ. ನಾನು ಓದಿದ್ದು ಬಿ.ಕಾಂ., ಹಂಗಾಗಿ ಖಾತೆ ಪುಸ್ತಕದ ಲೆಕ್ಕದಾಗೇ ಹೇಳ್ತೀನಿ.

ಕಾಲೇಜು, ಆಸ್ಪತ್ರೆ, ದೊಡ್ಡ ಕಚೇರಿ, ಹಿಂಗ ನೂರಾರು ಜನರಿಗೆ ಲಾಗಿನ್ ಇರೋ ಕಡೆ ಬಹಳ ಸಲ ಒಂದು ಡೈರೆಕ್ಟರಿ ಸರ್ವರ್ ಇರ್ತದ. ಯಾರ ಹೆಸರು, ಯಾವ ವಿಭಾಗ, ಯಾವ ಊರು, ಯಾವ ಇಮೇಲ್, ಎಲ್ಲ ಅದರಾಗ. ಆ ಮಾಹಿತಿಯನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಸಾದಾ ಅಕ್ಷರಗಳ ಫೈಲೇ ಎಲ್‌ಡಿಐಎಫ್. 1990ರ ದಶಕದ ಆರಂಭದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ನಿಯಮಗಳು 2000ದ ಜೂನ್‌ನಲ್ಲಿ ಆರ್‌ಎಫ್‌ಸಿ 2849 ಎಂಬ ಹೆಸರಿನಲ್ಲಿ ಪ್ರಕಟವಾದವು.

ಬರೆಯೋದು ಸರಳ ಅದ. ಪ್ರತಿಯೊಬ್ಬರ ದಾಖಲೆ 'ಡಿಎನ್' ಎಂಬ ಸಾಲಿನಿಂದ ಶುರು. ಅದು ಖಾತೆ ನಂಬರ್ ಇದ್ದಂಗ, ಒಬ್ಬರದ್ದು ಇನ್ನೊಬ್ಬರಿಗಿಲ್ಲ. ದಾಖಲೆ ಮುಗೀತು ಅನ್ನೋದಕ್ಕ ಒಂದು ಖಾಲಿ ಸಾಲು. ಅದು ನಡುವೆ ಬಿದ್ದರೆ ದಾಖಲೆ ಅಲ್ಲೇ ತುಂಡಾಗ್ತದ. ಸಾಲಿನ ಮೊದಲು ಒಂದು ಸ್ಪೇಸ್ ಇದ್ದರೆ ಅದು ಮೇಲಿನ ಸಾಲಿನ ಮುಂದುವರಿಕೆ, ಓದುವಾಗ ಆ ಸ್ಪೇಸ್ ಬಿಟ್ಟುಹೋಗ್ತದ. ಎರಡು ಪದಗಳ ನಡುವೆ ಸಾಲು ಮುರಿದರೆ ಎರಡು ಸ್ಪೇಸ್ ಕೊಡ್ರಿ. ಇಲ್ಲಾಂದ್ರ ಪದಗಳು ಅಂಟಿಕೊಳ್ತಾವ.

ಈಗ ನಮ್ಮೂರಿಗೆ ಬರೋಣ. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆಯ್ತು. ಹಳೇ ಫೈಲಿನಾಗ ಒಂದೇ ಏಟಿಗೆ 'ಎಲ್ಲ ಬದಲಿಸು' ಒತ್ತೋದು ಸುಲಭ. ಆದರೆ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರು ಹಂಗೇ ಅದ! ಅದೂ ಬದಲಾಗಿಬಿಡ್ತದ, ಹಳೇ ಹೆಸರಿನ ಇಮೇಲ್ ವಿಳಾಸಗಳೂ ಕೆಡ್ತಾವ. ಹಂಗಾಗಿ ಬದಲಾವಣೆಯ ಫೈಲು ಬೇರೆ ಬರೀರಿ: ಯಾರ ದಾಖಲೆ ಅಂತ ಡಿಎನ್, ಆಮೇಲೆ ತಿದ್ದುಪಡಿ ಅಂತ ಹೇಳುವ 'ಚೇಂಜ್‌ಟೈಪ್ ಮಾಡಿಫೈ', ಆಮೇಲೆ ಊರಿನ ಕಾಲಂ ಅಷ್ಟೇ 'ರಿಪ್ಲೇಸ್', ಅದರ ಕೆಳಗ ಹೊಸ ಹೆಸರು.

ಕಮಲಾಪುರದ್ದು ಇನ್ನೂ ಸೂಕ್ಷ್ಮ. ಕೆಂಪು ಬಾಳೆಹಣ್ಣಿಗೆ ಹೆಸರಾದ ಆ ಊರು ಮೊದಲು ಕಲಬುರಗಿ ತಾಲೂಕಿನಾಗ ಇತ್ತು, ಈಗ ತಾನೇ ತಾಲೂಕು. ಹಂಗಂತ ತಾಲೂಕಿನ ಕಾಲಂನಾಗ ಕಲಬುರಗಿ ಅಂತ ಇದ್ದವರನ್ನೆಲ್ಲ ಕಮಲಾಪುರಕ್ಕ ಕಳಿಸೋಕಾಗಲ್ಲ. ಹಳ್ಳಿ ನೋಡಿ ಒಬ್ಬೊಬ್ಬರದ್ದೇ ಬದಲಿಸಬೇಕು. ಜಿಲ್ಲೆಯ ಹೆಸರೂ ಬೇಕು, ಯಾಕಂದ್ರ ಹಂಪಿ ಹತ್ತಿರವೂ ಒಂದು ಕಮಲಾಪುರ ಅದ.

ಇನ್ನು ಕನ್ನಡದ ಮಾತು. ಎಲ್‌ಡಿಐಎಫ್‌ನಾಗ ಕನ್ನಡ ಅಕ್ಷರ ನೇರವಾಗಿ ಕೂರಲ್ಲ. ಬೇಸ್64 ಎಂಬ ರೂಪಕ್ಕೆ ತಿರುಗಿಸಿ, ಒಂದು ಕೋಲನ್ ಬದಲು ಎರಡು ಕೋಲನ್ ಹಾಕಿ ಬರೀಬೇಕು. 'ಕಲಬುರಗಿ' ಅಂದ್ರ ಅಕ್ಷರ, ಸ್ವರಚಿಹ್ನೆ ಸೇರಿ 7 ಗುರುತು, ಯುಟಿಎಫ್-8ನಲ್ಲಿ 21 ಬೈಟ್, ಬೇಸ್64ನಲ್ಲಿ 28 ಅಕ್ಷರ. 'ಕಮಲಾಪುರ'ಕ್ಕೂ ಅಷ್ಟೇ. ನೋಡಿದವರು "ಏನ್ರಿ ಇದು ಕಸ" ಅಂತ ಅಳಿಸಿಬಿಡ್ತಾರ, ಇಂಗ್ಲಿಷ್ ಹೆಸರಷ್ಟೇ ಉಳೀತದ. ಅಳಿಸೋ ಮೊದಲು ಶುರುವಿನ ಮೂರು ಅಕ್ಷರ ನೋಡ್ರಿ. '4, ಎಲ್, ಕೆ' ಅಂತ ಇದ್ದರೆ ಅದು ಕಸ ಅಲ್ಲ, ಕನ್ನಡ.

ಆರ್‌ಎಫ್‌ಸಿಯೊಳಗೇ ಜಪಾನಿ ಭಾಷೆಯ ಉದಾಹರಣೆ ಅದ. ಹೆಸರಿನ ಕಾಲಂ ಮುಂದೆ ಸೆಮಿಕೋಲನ್ ಹಾಕಿ 'ಲ್ಯಾಂಗ್-ಕೆಎನ್' ಅಂತ ಸೇರಿಸಿದರೆ, ಅದನ್ನು ಒಪ್ಪುವ ಸರ್ವರ್‌ನಾಗ ಇಂಗ್ಲಿಷ್ ಪಕ್ಕದಾಗೇ ಕನ್ನಡ ಹೆಸರೂ ಇರ್ತದ. ಇಂಗ್ಲಿಷಿನಾಗ ಒಂದೇ ಹೆಸರನ್ನ ಮೂರು ಮಂದಿ ಮೂರು ಥರ ಬರೀತಾರ, ದಾಖಲೆ ತಾಳೆ ಆಗದೇ ಅಲೆಯೋರು ನಮ್ಮ ಹಳ್ಳಿ ಮಂದಿ. ಅವರು ತಾವೇ ಬರಕೊಳ್ಳೋ ಹೆಸರು ಫೈಲಿನಾಗ ಉಳಿದರೆ ತಾಳೆ ನೋಡೋಕೆ ಒಂದು ಆಧಾರ ಇರ್ತದ.

ನಿಮ್ಮ ಕಚೇರಿಯಾಗ ಇಂಥ ಫೈಲು ನೋಡೋರಿದ್ದರೆ ಇದನ್ನ ಕಳಿಸ್ರಿ. ಮುಂದಿನ ಕಂತಿನಾಗ ಸಿಗೋಣ.