ಒಂದೇ ಸುಣ್ಣ, ಮೂರು ಸೂತ್ರ



ಕನಕಪುರ ತಾಲ್ಲೂಕಿನ ಈ ಸೀಮೆಯಲ್ಲಿ ಸುಣ್ಣವನ್ನು ಅರಿಯದವರಿಲ್ಲ. ಎಲೆ ಅಡಿಕೆಗೆ ಅದು ಬೇಕು, ಗೋಡೆಗೆ ಬಳಿಯಲು ಅದು ಬೇಕು, ರೇಷ್ಮೆಹುಳು ಸಾಕುವ ಮನೆಯ ಶುದ್ಧಿಗೂ ಅದು ಬೇಕು. ಆದರೆ ಸುಣ್ಣ ಎಂಬ ಈ ಒಂದು ಮಾತಿನ ಹಿಂದೆ ಮೂರು ಬೇರೆ ಬೇರೆ ವಸ್ತುಗಳಿವೆ. ಮೊದಲನೆಯದು ಸುಣ್ಣದ ಕಲ್ಲು. ಅದನ್ನು ಗೂಡಿನಲ್ಲಿ ಸುಟ್ಟರೆ ಸಿಗುವುದು ಸುಟ್ಟ ಸುಣ್ಣ. ಅದಕ್ಕೆ ನೀರು ಹೊಯ್ದರೆ ಬುಸುಗುಟ್ಟಿ ಕಾದು ಪುಡಿಯಾಗುವುದು ಅರಳಿದ ಸುಣ್ಣ. ಗೋಡೆಗೆ ಬಳಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ದಿನಕಳೆದಂತೆ ಮತ್ತೆ ಕಲ್ಲೇ ಆಗುತ್ತದೆ.

ಕಲ್ಲನ್ನು ಕೈಯಲ್ಲಿ ಹಿಡಿದರೆ ಏನೂ ಆಗದು. ಸುಟ್ಟ ಸುಣ್ಣಕ್ಕೆ ನೀರು ತಗುಲಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ‘ಒಂದಿಷ್ಟು ಸುಣ್ಣ ತಾರೋ’ ಎಂದು ಮಗುವನ್ನು ಕಳಿಸುವಾಗ ಈ ವ್ಯತ್ಯಾಸ ಮಾತಿನಲ್ಲಿ ಕಾಣುವುದಿಲ್ಲ. ಅದು ಕಾಣುವುದು ರಸಾಯನಶಾಸ್ತ್ರದ ಹೆಸರಿನಲ್ಲಿ ಮತ್ತು ಸೂತ್ರದಲ್ಲಿ. ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸಿಎ ಸಿಒ3. ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್, ಸಿಎ ಒ. ಅರಳಿದ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಸಿಎ (ಒಎಚ್)2.

ಈ ಅಕ್ಷರ, ಅಂಕಿಗಳು ಬಂದದ್ದು ಹೇಗೆ? ಇದು ಜಮಾ–ಖರ್ಚಿನ ಲೆಕ್ಕ. ಕ್ಯಾಲ್ಸಿಯಂ ಪರಮಾಣು ತನ್ನ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಎರಡು ಧನ ವಿದ್ಯುದಾವೇಶವುಳ್ಳ ಅಯಾನು ಆಗುತ್ತದೆ. ಆಮ್ಲಜನಕದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಪಡೆದು ಋಣ ಅಯಾನು ಆಗುತ್ತದೆ. ಕೊಟ್ಟದ್ದು ಎರಡು, ಪಡೆದದ್ದು ಎರಡು, ಲೆಕ್ಕ ಚುಕ್ತಾ. ಆದ್ದರಿಂದ ಸಿಎ ಒ ಎಂದಷ್ಟೇ ಬರೆದರೆ ಸಾಕು. ಹೈಡ್ರಾಕ್ಸೈಡ್ ಅಯಾನಿನಲ್ಲಿ ಆಮ್ಲಜನಕ, ಜಲಜನಕ ಎರಡೂ ಒಟ್ಟಾಗಿವೆ. ಆ ಜೋಡಿಯ ಋಣ ಆವೇಶ ಮಾತ್ರ ಒಂದೇ. ಹಾಗಾಗಿ ಒಂದು ಕ್ಯಾಲ್ಸಿಯಂಗೆ ಅಂಥ ಎರಡು ಜೋಡಿ ಬೇಕು. ಇಡೀ ಜೋಡಿ ಎರಡೆಂದು ತಿಳಿಸಲು ಆವರಣ ಚಿಹ್ನೆ. ಅದನ್ನು ಬಿಟ್ಟು ಬರೆದರೆ ಜಲಜನಕ ಮಾತ್ರ ಎರಡು ಎಂದಾಗಿ ಲೆಕ್ಕ ತಪ್ಪುತ್ತದೆ.

ಹೆಸರಿಡುವ ಕ್ರಮವೂ ಸರಳ. ಲೋಹದ ಹೆಸರು ಮೊದಲು, ಅಲೋಹದ್ದು ನಂತರ. ಎರಡೇ ಧಾತುಗಳಿದ್ದರೆ ಕೊನೆಗೆ ‘ಐಡ್’: ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಇಂಗಾಲ, ಗಂಧಕ, ಸಾರಜನಕಗಳು ಆಮ್ಲಜನಕದೊಡನೆ ಕೂಡಿ ಅಯಾನು ಆಗಿದ್ದರೆ ಸಾಮಾನ್ಯವಾಗಿ ‘ಏಟ್’: ಮೈಲುತುತ್ತ ಕಾಪರ್ ಸಲ್ಫೇಟ್, ಪೆಟ್ಲುಪ್ಪು ಪೊಟ್ಯಾಸಿಯಂ ನೈಟ್ರೇಟ್. ಕಬ್ಬಿಣದಂಥ ಕೆಲವು ಲೋಹಗಳಿಗೆ ಎರಡು ವೇಷ. ಎರಡು ಎಲೆಕ್ಟ್ರಾನು ಬಿಟ್ಟರೆ ಅದು ಫೆರಸ್, ಮೂರು ಬಿಟ್ಟರೆ ಫೆರಿಕ್. ಅನ್ನಭೇದಿ ಫೆರಸ್ ಸಲ್ಫೇಟ್. ಕೆಮ್ಮಣ್ಣಿಗೆ ಬಣ್ಣ ಕೊಟ್ಟಿರುವುದು ಫೆರಿಕ್ ಆಕ್ಸೈಡ್. ಕಬ್ಬಿಣ ಬಿಡುವುದು ಮೂರು, ಆಮ್ಲಜನಕ ಪಡೆಯುವುದು ಎರಡು. ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ ಸೇರಿದಾಗ ಆರಕ್ಕೆ ಆರು ಸರಿಹೋಗುತ್ತದೆ. ಸೂತ್ರ ಎಫ್ಇ2 ಒ3.

ಈ ವ್ಯವಸ್ಥೆ ತಾನಾಗಿ ಹುಟ್ಟಿದ್ದಲ್ಲ. ಯೂರೋಪಿನಲ್ಲೂ ವಸ್ತುಗಳಿಗೆ ಬಣ್ಣ, ಊರು, ಗ್ರಹಗಳ ಹೆಸರುಗಳಿದ್ದವು. ಲವಾಸಿಯೆ ಮತ್ತು ಅವನ ಮೂವರು ಸಂಗಡಿಗರು 1787ರಲ್ಲಿ ಪ್ಯಾರಿಸ್ಸಿನಲ್ಲಿ ಹೊಸ ನಾಮಕರಣ ಪದ್ಧತಿಯನ್ನು ಪ್ರಕಟಿಸಿದರು. ವಸ್ತು ಯಾವುದರಿಂದ ಆಗಿದೆಯೋ ಅದೇ ಅದರ ಹೆಸರಾಗಬೇಕು ಎಂಬುದು ಅವರ ನಿಲುವು. ಸ್ವೀಡನ್ನಿನ ಬರ್ಜೀಲಿಯಸ್ 1813–14ರಲ್ಲಿ ಧಾತುಗಳಿಗೆ ಅಕ್ಷರ ಸಂಕೇತಗಳನ್ನು ಕೊಟ್ಟ. ಕನ್ನಡದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿ, ಇಂಥ ವಿಷಯಗಳನ್ನು ನಮ್ಮ ನುಡಿಯಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು.

ಸೂತ್ರದಿಂದ ಪ್ರಮಾಣವೂ ತಿಳಿಯುತ್ತದೆ. ಶುದ್ಧವಾದ 100 ಕಿಲೋ ಸುಣ್ಣದ ಕಲ್ಲನ್ನು ಪೂರ್ತಿ ಸುಟ್ಟರೆ 44 ಕಿಲೋ ಅನಿಲವಾಗಿ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದು 18 ಕಿಲೋ ನೀರನ್ನು ಕೂಡಿಸಿಕೊಂಡು 74 ಕಿಲೋ ಅರಳಿದ ಸುಣ್ಣವಾಗುತ್ತದೆ. ತೂಕ ಮಾಡದೆಯೇ ಸೂತ್ರ ನೋಡಿ ಇಷ್ಟನ್ನೂ ಹೇಳಬಹುದು.

ರೇಷ್ಮೆ ಬೆಳೆಗಾರರಿಗೆ ಇದು ಹೊಟ್ಟೆಪಾಡಿನ ವಿಷಯ. ಹುಳು ಸಾಕುವ ಮನೆ, ತಟ್ಟೆ, ಚಂದ್ರಿಕೆಗಳನ್ನು ರೋಗಮುಕ್ತಗೊಳಿಸಲು ಶೇ 2ರಷ್ಟು ಬ್ಲೀಚಿಂಗ್ ಪುಡಿ ಮತ್ತು ಶೇ 0.3ರಷ್ಟು ಅರಳಿದ ಸುಣ್ಣದ ದ್ರಾವಣವನ್ನು ಶಿಫಾರಸು ಮಾಡಲಾಗಿದೆ. ಅಂದರೆ 100 ಲೀಟರ್ ನೀರಿಗೆ ಎರಡು ಕಿಲೋ ಪುಡಿ, 300 ಗ್ರಾಂ ಸುಣ್ಣ. ಇಲ್ಲಿ ಹೇಳಿರುವುದು ಅರಳಿದ ಸುಣ್ಣ. ಕಲ್ಲಿನ ಪುಡಿ ಹಾಕಿದರೆ ಆ ಕೆಲಸ ಆಗದು. ಬ್ಲೀಚಿಂಗ್ ಪುಡಿಯಲ್ಲಿ ರೋಗಾಣುಗಳನ್ನು ಕೊಲ್ಲುವುದು ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಚೀಲದ ಬಾಯಿ ತೆರೆದಿಟ್ಟರೆ ಅದು ಗಾಳಿ, ತೇವ ತಗುಲಿ ಕ್ಲೋರಿನ್ ಕಳೆದುಕೊಳ್ಳುತ್ತದೆ. ಬಣ್ಣ ಬಿಳಿಯೇ ಇದ್ದರೂ ಸತ್ವ ಇರುವುದಿಲ್ಲ. ಇದೇ ಪುಡಿಗೆ ಆಮ್ಲ ಬೆರೆಸಿದರೆ ವಿಷಾನಿಲ ಏಳುತ್ತದೆ. ನೋಟಕ್ಕೆ ಎಲ್ಲವೂ ಬಿಳಿ ಪುಡಿ. ಬೇರೆ ಬೇರೆ ಎಂದು ಹೇಳುವುದು ಚೀಲದ ಮೇಲಿನ ಹೆಸರು.

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಹೋಗುವ ಮಕ್ಕಳು ಸೂತ್ರವೆಂದರೆ ಇಂಗ್ಲಿಷ್ ಎಂದು ಹೆದರುತ್ತಾರೆ. ಅದು ತಪ್ಪು ಕಲ್ಪನೆ. ಸೋಡಿಯಂನ ಸಂಕೇತ ಎನ್ಎ, ಪೊಟ್ಯಾಸಿಯಂನದು ಕೆ, ಕಬ್ಬಿಣದ್ದು ಎಫ್ಇ. ಇವು ನೇಟ್ರಿಯಂ, ಕೇಲಿಯಂ, ಫೆರಂ ಎಂಬ ಲ್ಯಾಟಿನ್ ಹೆಸರುಗಳಿಂದ ಬಂದವು. ಲಂಡನ್ನಿನ ಹುಡುಗನೂ ಇವನ್ನು ಬಾಯಿಪಾಠ ಮಾಡಿಯೇ ಕಲಿಯಬೇಕು. ಸೂತ್ರ ಯಾರ ಮನೆಮಾತೂ ಅಲ್ಲ. ಟೋಕಿಯೋದಲ್ಲೂ ದೊಡ್ಡಆಲಹಳ್ಳಿಯಲ್ಲೂ ಅದನ್ನು ಬರೆಯುವ ರೀತಿ ಒಂದೇ.

ಹಾಗೆಂದು ಅನ್ನಭೇದಿ, ಮೈಲುತುತ್ತ, ನವಸಾಗರಗಳನ್ನು ಮರೆಯಬೇಕಾಗಿಲ್ಲ. ಅಜ್ಜಿ ಹೇಳುವ ಹೆಸರಿನ ಪಕ್ಕದಲ್ಲಿ ಮೊಮ್ಮಗಳು ಸೂತ್ರ ಬರೆದಿಡಲಿ. ಗೊಬ್ಬರದ ಚೀಲ, ಔಷಧಿಯ ಪೊಟ್ಟಣ, ಬ್ಲೀಚಿಂಗ್ ಪುಡಿಯ ಡಬ್ಬ ಮನೆಗೆ ಬಂದಾಗ ಅದರ ಮೇಲಿನ ಹೆಸರನ್ನು ಮಕ್ಕಳಿಂದ ಒಮ್ಮೆ ಗಟ್ಟಿಯಾಗಿ ಓದಿಸಿ. ಪಾಠವೂ ಆಯಿತು, ಮನೆಯವರಿಗೆ ಎಚ್ಚರವೂ ಆಯಿತು.