‘ಬಾಜಿ’ಯ ಕತ್ತಲು, ಮೈಸೂರಿನ ಕಣ್ಣು

(ಧಾರವಾಡದಲ್ಲಿ ‘ಬಾಜಿ’ ಚಿತ್ರಪ್ರದರ್ಶನದ ನಂತರ ಮಾಡಿದ ಭಾಷಣದ ಬರಹರೂಪ)



ನಾವೀಗ ನೋಡಿದ ‘ಬಾಜಿ’ 1951ರ ಚಿತ್ರ. ಆಗ ಹುಬ್ಬಳ್ಳಿ, ಧಾರವಾಡಗಳೆರಡೂ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಈ ಸೀಮೆಯ ಜನರಿಗೆ ಮುಂಬಯಿ ಎಂದರೆ ಸಿನಿಮಾದ ಊರು ಮಾತ್ರವಲ್ಲ, ರಾಜಧಾನಿಯೂ ಹೌದು. ಕೋರ್ಟಿನ ಮೇಲ್ಮನವಿಗೂ ಅಲ್ಲಿಗೇ ಹೋಗಬೇಕು, ಕೆಲಸ ಹುಡುಕಲೂ ಅಲ್ಲಿಗೇ ಹೋಗಬೇಕು. ಆ ಮಹಾನಗರದ ರಾತ್ರಿ ಹೇಗಿರುತ್ತದೆ ಎಂಬುದನ್ನು ತೋರಿಸಿದ ಚಿತ್ರಗಳಲ್ಲಿ ‘ಬಾಜಿ’ಗೆ ಮೊದಲ ಸಾಲಿನ ಸ್ಥಾನವಿದೆ. ಜೂಜಿನ ಕ್ಲಬ್ಬು, ಸಿಗರೇಟಿನ ಹೊಗೆ, ಓರೆಯಾಗಿ ಹಾಕಿದ ಟೋಪಿ, ಪಿಸ್ತೂಲು, ಎಲ್ಲಕ್ಕಿಂತ ಮಿಗಿಲಾಗಿ ನೆರಳು. ಈ ನೆರಳಿನ ಬಗ್ಗೆ ಮತ್ತು ಅದನ್ನು ತಯಾರಿಸಿದವರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವರಲ್ಲಿ ಇಬ್ಬರು ನಮ್ಮ ನಾಡಿನಲ್ಲಿ ಹುಟ್ಟಿದವರು. ಒಬ್ಬರ ಹೆಸರು ಎಲ್ಲರಿಗೂ ಗೊತ್ತು. ಇನ್ನೊಬ್ಬರ ಹೆಸರು ಗೊತ್ತಾಗಲು ಬಹಳ ಕಾಲ ಬೇಕಾಯಿತು.

ಮೊದಲು ಈ ಬಗೆಯ ಚಿತ್ರಗಳ ಹಿನ್ನೆಲೆಯನ್ನು ನೋಡೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಅಮೆರಿಕದ ಚಿತ್ರಗಳು ಬರುತ್ತಿರಲಿಲ್ಲ. ಯುದ್ಧ ಮುಗಿದೊಡನೆ ಅವು ಒಟ್ಟೊಟ್ಟಿಗೆ ಬಂದು ಬಿದ್ದವು. ಅವುಗಳಲ್ಲಿ ಕೆಲವು ಹಿಂದಿನ ಪತ್ತೇದಾರಿ ಚಿತ್ರಗಳಂತಿರಲಿಲ್ಲ. ನಾಯಕನೇ ಪೂರ್ತಿ ಒಳ್ಳೆಯವನಲ್ಲ, ಕಾನೂನಿನ ಮೇಲೆ ಯಾರಿಗೂ ನಂಬಿಕೆಯಿಲ್ಲ, ಕಥೆ ನಡೆಯುವುದೆಲ್ಲ ರಾತ್ರಿಯಲ್ಲಿ. 1946ರಲ್ಲಿ ನೀನೋ ಫ್ರಾಂಕ್ ಎಂಬ ವಿಮರ್ಶಕ ಇವಕ್ಕೆ ‘ಫಿಲ್ಮ್ ನುವಾರ್’, ಅಂದರೆ ಕಪ್ಪು ಚಿತ್ರ, ಎಂಬ ಹೆಸರನ್ನು ಬಳಸಿದ. ವಿಚಿತ್ರವೆಂದರೆ ಆ ನೆರಳು ಹಾಲಿವುಡ್ಡಿನಲ್ಲೇ ಹುಟ್ಟಿದ್ದೂ ಅಲ್ಲ. ಹಿಟ್ಲರನ ಕಾಟಕ್ಕೆ ಊರು ಬಿಟ್ಟ ಫ್ರಿಟ್ಸ್ ಲ್ಯಾಂಗ್, ಬಿಲ್ಲಿ ವೈಲ್ಡರ್, ರಾಬರ್ಟ್ ಸಿಯೋಡ್ಮಾಕ್ ಅವರಂಥವರು ಅದನ್ನು ಬರ್ಲಿನ್ನಿನಿಂದ ತಮ್ಮ ಜೊತೆ ಒಯ್ದಿದ್ದರು. ಊರು ಬಿಟ್ಟವರ ಕಲೆ ಅದು.

1951ರ ಮುಂಬಯಿಯೂ ಊರು ಬಿಟ್ಟವರಿಂದ ತುಂಬಿತ್ತು. ದೇಶ ಇಬ್ಭಾಗವಾಗಿ ನಾಲ್ಕು ವರ್ಷವಾಗಿತ್ತಷ್ಟೆ. ‘ಬಾಜಿ’ ತಯಾರಿಸಿದ ನವಕೇತನ ಸಂಸ್ಥೆಯ ಆನಂದ್ ಸೋದರರು ಪಂಜಾಬಿನವರು. ಕಥೆ ಬರೆದ ಬಲರಾಜ್ ಸಾಹನಿ ರಾವಲ್ಪಿಂಡಿಯವರು. ಹಾಡು ಬರೆದ ಸಾಹಿರ್ ಲುಧಿಯಾನ್ವಿ ಲಾಹೋರಿನಿಂದ ಬಂದವರು. ಸಂಗೀತ ಕೊಟ್ಟ ಎಸ್.ಡಿ. ಬರ್ಮನ್ ತ್ರಿಪುರಾದವರು, ಹಾಡಿದ ಗೀತಾ ರಾಯ್ ಪೂರ್ವ ಬಂಗಾಳದವರು. ಮುಂದೆ ಜಾನಿ ವಾಕರ್ ಎಂದು ಹೆಸರಾದ ಬದ್ರುದ್ದೀನ್ ಕಾಜಿ ಆಗ ಬಸ್ ಕಂಡಕ್ಟರ್. ಆತನನ್ನು ಗುರುತಿಸಿ ಚಿತ್ರಕ್ಕೆ ಕರೆತಂದವರೂ ಸಾಹನಿಯವರೇ.

ನಿರ್ದೇಶಕನಿಗೆ ಆಗ 26 ವರ್ಷ. ವಸಂತಕುಮಾರ ಶಿವಶಂಕರ ಪಡುಕೋಣೆ, ಅಂದರೆ ಗುರುದತ್. ಹುಟ್ಟಿದ್ದು 1925ರ ಜುಲೈ 9ರಂದು ಬೆಂಗಳೂರಿನಲ್ಲಿ, ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ. ಪಡುಕೋಣೆ ಕುಂದಾಪುರದ ಕಡೆಯ ಊರು. ಹುಡುಗ ಬೆಳೆದದ್ದು ಕಲ್ಕತ್ತೆಯಲ್ಲಿ, ನೃತ್ಯ ಕಲಿತದ್ದು ಆಲ್ಮೋರಾದಲ್ಲಿ ಉದಯಶಂಕರರ ಬಳಿ. ಅಲ್ಲಿಂದ ಪುಣೆಯ ಪ್ರಭಾತ್ ಸ್ಟುಡಿಯೋಕ್ಕೆ ಬಂದಾಗ ದೇವಾನಂದರ ಪರಿಚಯವಾಯಿತು. ಅಗಸನ ಮನೆಯಲ್ಲಿ ಇಬ್ಬರ ಅಂಗಿ ಅದಲುಬದಲಾಗಿ ಸ್ನೇಹ ಬೆಳೆದ ಕಥೆಯನ್ನು ನೀವೆಲ್ಲ ಕೇಳಿರುತ್ತೀರಿ. ‘ನಾನು ನಿರ್ಮಾಪಕನಾದರೆ ನೀನು ನಿರ್ದೇಶಕ, ನೀನು ನಿರ್ದೇಶಕನಾದರೆ ನಾನು ನಾಯಕ’ ಎಂಬ ಅರ್ಥದ ಮಾತು ಇಬ್ಬರ ನಡುವೆ ಆಗಿತ್ತು. ದೇವಾನಂದ್ ಆ ಮಾತು ಉಳಿಸಿಕೊಂಡದ್ದರ ಫಲವೇ ‘ಬಾಜಿ’.

ಕಥೆಯನ್ನು ಮತ್ತೆ ಹೇಳುವ ಅಗತ್ಯವಿಲ್ಲ. ಆದರೂ ಒಂದು ಅಂಶವನ್ನು ಗಮನಿಸಬೇಕು. ಮದನ್ ಕ್ಲಬ್ಬಿನ ಚಾಕರಿಗೆ ಸೇರುವುದು ದುರಾಸೆಯಿಂದಲ್ಲ. ತಂಗಿಗೆ ಕ್ಷಯ, ಚಿಕಿತ್ಸೆಗೆ ಹಣವಿಲ್ಲ, ಊರಿನಲ್ಲಿ ಕೆಲಸವಿಲ್ಲ. ಕ್ಲಬ್ಬಿನ ಯಜಮಾನನ ಮುಖವನ್ನು ನಮಗೆ ಬಹಳ ಹೊತ್ತು ತೋರಿಸುವುದೇ ಇಲ್ಲ. ಅವನು ನೆರಳಿನಲ್ಲಿ ಕೂತು ಅಪ್ಪಣೆ ಕೊಡುತ್ತಾನೆ. ಕೊನೆಗೆ ನೋಡಿದರೆ ಅವನು ಡಾಕ್ಟರ್ ರಜನಿಯ ತಂದೆ, ಹಗಲು ಹೊತ್ತಿನಲ್ಲಿ ಊರಿಗೇ ಮರ್ಯಾದಸ್ಥ. ಬೀದಿಯ ಜೂಜುಕೋರ ಬೆಳಕಿನಲ್ಲಿ ಕೈಕೋಳ ತೊಡುತ್ತಾನೆ, ಅವನನ್ನು ಆಡಿಸುವವನು ಕತ್ತಲಲ್ಲಿ ಸುರಕ್ಷಿತ. ಇದನ್ನು ಸಂಭಾಷಣೆಯಲ್ಲಿ ಹೇಳಿದ್ದರೆ ಭಾಷಣವಾಗುತ್ತಿತ್ತು. ‘ಬಾಜಿ’ ಅದನ್ನು ದೀಪಗಳಿಂದ ಹೇಳಿತು.

ಹೇಗೆ ಹೇಳಿತು? ಇದಕ್ಕೆ ನಮ್ಮ ಕಡೆಯ ಹಳೆಯ ಮನೆಗಳನ್ನು ನೆನೆಸಿಕೊಳ್ಳಿ. ನಡುಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇರುತ್ತದೆ. ಅದರೊಳಗಿಂದ ಬಿಸಿಲಿನ ಒಂದು ಕೋಲು ನೆಲಕ್ಕೆ ಇಳಿಯುತ್ತದೆ. ಅದರಡಿ ಕೂತವರ ಮುಖದ ಒಂದು ಮಗ್ಗುಲು ಮಾತ್ರ ಹೊಳೆಯುತ್ತದೆ, ಮೂಲೆಯಲ್ಲಿ ಯಾರು ಕೂತಿದ್ದಾರೆಂದು ತಿಳಿಯುವುದಿಲ್ಲ. ಸ್ಟುಡಿಯೋದಲ್ಲಿ ಸಾಮಾನ್ಯವಾಗಿ ಮುಖದ ಮೇಲೆ ಒಂದು ಪ್ರಧಾನ ದೀಪ ಹಾಕುತ್ತಾರೆ. ಅದರಿಂದ ಬೀಳುವ ನೆರಳನ್ನು ತುಂಬಲು ಇನ್ನೊಂದು ಮೃದುವಾದ ದೀಪ ಹಾಕುತ್ತಾರೆ. ಈ ಎರಡನೆಯದನ್ನು ತಗ್ಗಿಸಿದರೆ, ಇಲ್ಲವೆ ಆರಿಸಿದರೆ, ಬೆಳಕಿಂಡಿಯ ಪರಿಣಾಮ ಬರುತ್ತದೆ. ಕೇಳಲು ಸುಲಭ. ಆದರೆ ನಟ ಅರ್ಧ ಹೆಜ್ಜೆ ಆಚೀಚೆ ಸರಿದರೂ ಮುಖ ಕತ್ತಲಿಗೆ ಸೇರುತ್ತದೆ. ಆದ್ದರಿಂದ ಕತ್ತಲೆಯ ಚಿತ್ರಕ್ಕೆ ಬೆಳಕಿನ ಚಿತ್ರಕ್ಕಿಂತ ಹೆಚ್ಚಿನ ಲೆಕ್ಕಾಚಾರ ಬೇಕು.

ಆ ಲೆಕ್ಕಾಚಾರ ಬಲ್ಲ ಒಬ್ಬ ಯುವಕ ‘ಬಾಜಿ’ಯ ಸೆಟ್ಟಿನಲ್ಲಿದ್ದ. ಹೆಸರು ವೆಂಕಟರಾಮ ಪಂಡಿತ ಕೃಷ್ಣಮೂರ್ತಿ, ಅಂದರೆ ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಪಿಟೀಲು ಕಲಿತಿದ್ದರು, 1943ರಲ್ಲಿ ಸ್ವಾತಂತ್ರ್ಯ ಚಳವಳಿಗೆ ಸೇರಿ ಜೈಲು ಕಂಡಿದ್ದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದರು. ಇಲ್ಲಿ ಒಂದು ಮಾತು ಹೇಳದೆ ವಿಧಿಯಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾದದ್ದು 1960ರಲ್ಲಿ. ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಮೈಸೂರು ಸಂಸ್ಥಾನದ ಒಂದು ಪಾಲಿಟೆಕ್ನಿಕ್, ಬಡಗಿ ಕೆಲಸ, ಯಂತ್ರದ ಕೆಲಸ ಕಲಿಸಿದ ಹಾಗೆಯೇ ಕ್ಯಾಮರಾ ಕೆಲಸವನ್ನೂ ಕಲಿಸಿ ಹುಡುಗರನ್ನು ಹೊರಗೆ ಕಳಿಸುತ್ತಿತ್ತು. ಕಲಿತವರಿಗೆ ಇಲ್ಲಿ ಕೆಲಸವಿರಲಿಲ್ಲ. ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು ತಯಾರಾಗುತ್ತಿದ್ದ ಕಾಲ ಅದು. ಮೂರ್ತಿ ಮುಂಬಯಿಗೆ ಹೋದರು, ಹೆಸರಾಂತ ಛಾಯಾಗ್ರಾಹಕ ಫಲಿ ಮಿಸ್ತ್ರಿಯವರಲ್ಲಿ ದುಡಿದರು.

‘ಬಾಜಿ’ಯ ಛಾಯಾಗ್ರಾಹಕರು ವಿ. ರಾತ್ರಾ. ಮೂರ್ತಿ ಅವರ ಸಹಾಯಕ. ಕ್ಲಬ್ಬಿನ ಹಾಡಿನ ಚಿತ್ರೀಕರಣದಲ್ಲಿ ಮೂರ್ತಿ ಒಂದು ಸಲಹೆ ಕೊಟ್ಟರು. ಕನ್ನಡಿಯನ್ನು ಬಳಸಿಕೊಂಡು, ಕ್ಯಾಮರಾವನ್ನು ಚಲಿಸುತ್ತ ತೆಗೆಯಬೇಕಾದ ಕಷ್ಟದ ಶಾಟ್ ಅದು. ಮಾಡಲು ಅವಕಾಶ ಸಿಕ್ಕಿತು, ಮಾಡಿ ತೋರಿಸಿದರು. ಮುಂದಿನ ಚಿತ್ರದಿಂದ ನೀವೇ ನನ್ನ ಛಾಯಾಗ್ರಾಹಕ ಎಂದು ಗುರುದತ್ ಹೇಳಿದರು, ಹಾಗೆಯೇ ನಡೆದುಕೊಂಡರು. 1952ರ ‘ಜಾಲ್’ನಿಂದ ಶುರುವಾದ ಈ ಜೋಡಿ ‘ಆರ್ ಪಾರ್’, ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ದಾಟಿ 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ವರೆಗೆ ನಡೆಯಿತು.

‘ಬಾಜಿ’ ಅಮೆರಿಕದ ನಕಲು ಎನ್ನುವವರಿದ್ದಾರೆ. ಅದನ್ನು ನೋಡುವಾಗ 1946ರ ‘ಗಿಲ್ಡಾ’ ನೆನಪಾಗುವುದು ಸಹಜ. ಜೂಜಿನ ಮನೆ ಅಲ್ಲಿಯೂ ಇದೆ, ಹಾಡುವ ಹೆಣ್ಣು ಅಲ್ಲಿಯೂ ಇದ್ದಾಳೆ. ಆದರೆ ಹಾಲಿವುಡ್ಡಿನ ಕಪ್ಪು ಚಿತ್ರಗಳಲ್ಲಿ ಕ್ಲಬ್ಬಿನ ಹೆಣ್ಣು ಬಹುಮಟ್ಟಿಗೆ ಗಂಡನ್ನು ಹಾಳುಮಾಡುವವಳು. ಇಲ್ಲಿ ಗೀತಾ ಬಾಲಿಯ ಲೀನಾ ಮದನ್‌ಗೆ ಬೀಳಬೇಕಾದ ಗುಂಡಿಗೆ ತಾನು ಎದೆಯೊಡ್ಡುತ್ತಾಳೆ. ಅವಳ ಹಾಡೂ ಬರೀ ಮನರಂಜನೆಯಲ್ಲ. ಕುಣಿಯುತ್ತಲೇ ಅವಳು ಅಪಾಯದ ಸೂಚನೆ ಕೊಡುತ್ತಾಳೆ. ಸಾಹಿರರ ಗಜಲನ್ನು ಬರ್ಮನ್ ಗಿಟಾರಿನ ಲಯಕ್ಕೆ ಕೂಡಿಸಿದ್ದನ್ನೂ ನೀವು ಈಗಷ್ಟೇ ಕೇಳಿದಿರಿ. ಹೊರಗಿನಿಂದ ಬಂದ ನೆರಳಿಗೆ ನಮ್ಮ ಸಂಕಟ, ನಮ್ಮ ಹಾಡು ಸೇರಿಕೊಂಡವು.

ಈ ಧಾಟಿ ಪಕ್ವವಾದದ್ದು ‘ಸಿ.ಐ.ಡಿ.’ ಚಿತ್ರದಲ್ಲಿ. ಗುರುದತ್ ನಿರ್ಮಾಪಕ, ‘ಬಾಜಿ’ಯ ಕಾಲದಿಂದ ಅವರ ಜೊತೆಗಿದ್ದ ರಾಜ್ ಖೋಸ್ಲಾ ನಿರ್ದೇಶಕ, ಮೂರ್ತಿ ಛಾಯಾಗ್ರಾಹಕ, ದೇವಾನಂದ್ ಮುಂಬಯಿಯ ಪೊಲೀಸ್ ಇನ್‌ಸ್ಪೆಕ್ಟರ್, ವಹೀದಾ ರೆಹಮಾನ್ ಅವರಿಗೆ ಅದೇ ಮೊದಲ ಹಿಂದಿ ಚಿತ್ರ. ಪತ್ರಿಕಾ ಸಂಪಾದಕನೊಬ್ಬನ ಕೊಲೆಯಿಂದ ಕಥೆ ಆರಂಭ. ಅದು ತೆರೆಕಂಡದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಪೊಲೀಸರು ಬದಲಾದರು, ಕೋರ್ಟು ಬದಲಾಯಿತು. ಮುಂಬಯಿ ಸಿನಿಮಾದ ನಂಟು ಮಾತ್ರ ಹಾಗೆಯೇ ಉಳಿಯಿತು.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಒಂದು ಕೋಲು ಇಳಿಯುತ್ತದೆ. ದೀಪಗಳಿಂದ ಆ ಪರಿಣಾಮ ಬಾರದಾದಾಗ ಮೂರ್ತಿ ಸ್ಟುಡಿಯೋದ ಹೊರಗೆ ಒಂದು ದೊಡ್ಡ ಕನ್ನಡಿ, ಒಳಗೆ ಇನ್ನೊಂದು ಕನ್ನಡಿ ಇರಿಸಿ ನಿಜವಾದ ಬಿಸಿಲನ್ನೇ ಒಳಗೆ ತಂದರು. ಉಮಾ ರಾವ್ ಅವರು ಮೂರ್ತಿಯವರ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕದ ಹೆಸರೂ ‘ಬಿಸಿಲುಕೋಲು’. ಇದಕ್ಕಿಂತ ತಕ್ಕ ಹೆಸರು ಇರಲಾರದು. ಚಿತ್ರ ಸೋತಿತು, ಮೂರ್ತಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಗುರುದತ್ ಆಮೇಲೆ ತಮ್ಮ ಹೆಸರಿನಲ್ಲಿ ಚಿತ್ರ ನಿರ್ದೇಶಿಸಲಿಲ್ಲ. 1964ರ ಅಕ್ಟೋಬರ್ 10ರಂದು ತೀರಿಕೊಂಡಾಗ ಅವರಿಗೆ 39 ವರ್ಷ.

ಗುರುದತ್ತರ ಬಾಳನ್ನು ಅರಿಯಲು ನಾವು ದೂರ ಹೋಗಬೇಕಿಲ್ಲ. ಅವರ ತಾಯಿ ವಾಸಂತಿ ಪಡುಕೋಣೆ ಕನ್ನಡದಲ್ಲಿ ಬರೆದ ‘ನನ್ನ ಮಗ ಗುರುದತ್ತ’ವನ್ನು ಪ್ರಕಟಿಸಿದ್ದು ಇದೇ ಧಾರವಾಡದ ಮನೋಹರ ಗ್ರಂಥಮಾಲೆ. ಜಗತ್ತು ಕೊಂಡಾಡುವ ನಿರ್ದೇಶಕನೊಬ್ಬನ ಬಗ್ಗೆ ಹೆತ್ತವಳ ಸಾಕ್ಷ್ಯ ಕನ್ನಡದಲ್ಲಿದೆ ಎಂಬುದನ್ನು ನಾವು ಆಗಾಗ ಮರೆಯುತ್ತೇವೆ.

ಮೂರ್ತಿಯವರದು ದೀರ್ಘಾಯುಷ್ಯ. ಶ್ಯಾಮ್ ಬೆನೆಗಲ್ಲರ ‘ಭಾರತ್ ಏಕ್ ಖೋಜ್’ ಧಾರಾವಾಹಿಗೂ ಅವರು ದುಡಿದರು. ಅವರ ಸಹಾಯಕರಾಗಿದ್ದ ಗೋವಿಂದ ನಿಹಲಾನಿ ಸಹ ಬೆಂಗಳೂರಿನ ಅದೇ ಪಾಲಿಟೆಕ್ನಿಕ್ಕಿನಲ್ಲಿ ಕಲಿತವರು. ಇಷ್ಟು ದೊಡ್ಡ ಕಲಾವಿದ ಕನ್ನಡಕ್ಕೆ ಕೆಲಸ ಮಾಡಿದ ‘ಹೂವು ಹಣ್ಣು’ ಬಂದದ್ದು 1993ರಲ್ಲಿ, ಅವರು ಎಪ್ಪತ್ತರ ಹತ್ತಿರವಿದ್ದಾಗ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು. 2014ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ನಟನ ಮುಖ ಎಲ್ಲರಿಗೂ ಕಾಣುತ್ತದೆ, ನಿರ್ದೇಶಕನ ಹೆಸರು ಇತಿಹಾಸಕ್ಕೆ ಸೇರುತ್ತದೆ. ಆ ಮುಖ ಎಷ್ಟು ಕಾಣಬೇಕು, ಎಷ್ಟು ಮರೆಯಾಗಬೇಕು ಎಂದು ಅಳೆದವನಿಗೆ ದೇಶದ ದೊಡ್ಡ ಗೌರವ ಸಿಗಲು ‘ಬಾಜಿ’ಯಿಂದ ಸುಮಾರು ಆರು ದಶಕ ಬೇಕಾಯಿತು. ಅವನಿಗೆ ವಿದ್ಯೆ ಕೊಟ್ಟ ನಾಡು ಕೆಲಸ ಕೊಡಲಾರದೆ ಹೋಯಿತು. ಇಂದು ನಮ್ಮ ಊರುಗಳಲ್ಲಿ ಕ್ಯಾಮರಾ ಹಿಡಿದು ಹೊರಡುವ ಹುಡುಗ ಹುಡುಗಿಯರು ನೂರಾರು. ಅವರಲ್ಲಿ ಎಷ್ಟು ಮಂದಿಗೆ ಇಲ್ಲಿ ನೆಲೆ ಸಿಗುತ್ತದೆ ಎಂಬುದು ಸಿನಿಮಾ ಪ್ರಿಯರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ಸದ್ಯಕ್ಕೆ ನಾವು ಮಾಡಬಹುದಾದದ್ದು ಒಂದಿದೆ. ಚಿತ್ರ ಆರಂಭವಾಗುವಾಗ ತೆರೆಯ ಮೇಲೆ ಸರಿದುಹೋಗುವ ಹೆಸರುಗಳನ್ನು, ಸಹಾಯಕರ ಹೆಸರುಗಳನ್ನೂ ಸೇರಿಸಿ, ಗಮನವಿಟ್ಟು ಓದೋಣ.